ಓದುಗರ ಪ್ರಶ್ನೆ: ಥಾಯ್ಲೆಂಡ್‌ನ ಒಂದು ಅಂಫೋ ಮತ್ತು ಅದರ ಮೂರು ಹೆಸರುಗಳು

ಪ್ರಶ್ನೆ: ಉತ್ತರ ಥಾಯ್ಲೆಂಡ್‌ನ ಗುಡ್ಡಗಾಡಿನ ಒಂದು ವಿಳಾಸವನ್ನು ನೋಡಿದೆ. ಮನೆ ಸಂಖ್ಯೆಯಾದ ಮೇಲೆ ‘ಮೂ 3’ ಎಂದಿತ್ತು. ಆಮೇಲೆ ತಂಬೊನ್, ಅಂಫೋ, ಚಾಂಗ್‌ವಾತ್ ಎಂಬ ಪದಗಳಿದ್ದವು. ಊರಿನ ಹೆಸರೇ ಅದರಲ್ಲಿರಲಿಲ್ಲ. ಅಂಫೋ ಎಂದರೆ ನಮ್ಮ ತಾಲ್ಲೂಕು ಇದ್ದಂತೆಯೇ? ಊರಿಗೆ ಹೆಸರಿನ ಬದಲು ಸಂಖ್ಯೆ ಏಕೆ?

ಉತ್ತರ: ಚಾಂಗ್‌ವಾತ್ ಪ್ರಾಂತ್ಯ, ಅದರೊಳಗೆ ಅಂಫೋ, ಅಂಫೋದೊಳಗೆ ತಂಬೊನ್, ತಂಬೊನ್‌ನೊಳಗೆ ಮೂಬಾನ್ ಅಂದರೆ ಹಳ್ಳಿ. ಅಂಫೋವನ್ನು ತಾಲ್ಲೂಕು ಎಂದುಕೊಂಡರೆ ಅದರ ಸ್ಥಾನ ಮನಸ್ಸಿಗೆ ಬರುತ್ತದೆಯಾದರೂ ಹೋಲಿಕೆಯನ್ನು ಅಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಬ್ಯಾಂಕಾಕನ್ನು ಬಿಟ್ಟು ದೇಶದಲ್ಲಿ 76 ಪ್ರಾಂತ್ಯಗಳೂ 878 ಅಂಫೋಗಳೂ ಇವೆ. ಬ್ಯಾಂಕಾಕ್ ನಗರದ 50 ವಿಭಾಗಗಳನ್ನು ‘ಖೇತ್’ ಎನ್ನುತ್ತಾರೆ; ಅವು ಈ ಲೆಕ್ಕಕ್ಕೆ ಬರುವುದಿಲ್ಲ.

ಈ ಏಣಿಯನ್ನು ಕಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ. ಐದನೆಯ ರಾಮನೆಂದು ಕರೆಯಲಾಗುವ ದೊರೆ ಚುಲಲಾಂಗ್‌ಕಾರ್ನ್ 1892ರಲ್ಲಿ ತನ್ನ ತಮ್ಮ ರಾಜಕುಮಾರ ದಮ್ರೋಂಗ್‌ನಿಗೆ ಆಂತರಿಕ ಆಡಳಿತದ ಸಚಿವಾಲಯವನ್ನು ಒಪ್ಪಿಸಿದನು. ಅಲ್ಲಿಯವರೆಗೆ ದೂರದ ಸೀಮೆಗಳನ್ನು ಅಲ್ಲಲ್ಲಿನ ಒಡೆಯರ ಮನೆತನಗಳು ತಮ್ಮದೇ ಪದ್ಧತಿಯಲ್ಲಿ ಆಳುತ್ತಿದ್ದವು; ಅವರ ಕೈಯಿಂದ ಕಂದಾಯವನ್ನೂ ಜನರ ಲೆಕ್ಕವನ್ನೂ ಬಿಡಿಸಿಕೊಂಡು ರಾಜಧಾನಿಯ ಅಧಿಕಾರಿಗಳಿಗೆ ಕೊಡುವುದೇ ಹೊಸ ವ್ಯವಸ್ಥೆಯ ಉದ್ದೇಶವಾಗಿತ್ತು. 1914ರ ಸ್ಥಳೀಯ ಆಡಳಿತ ಕಾಯ್ದೆಯು ಹಲವು ತಿದ್ದುಪಡಿಗಳೊಂದಿಗೆ ಇಂದಿಗೂ ಜಾರಿಯಲ್ಲಿದೆ.

ಇನ್ನು ಸಂಖ್ಯೆಯ ವಿಚಾರ. ತಂಬೊನ್‌ನೊಳಗಿನ ಪ್ರತಿ ಹಳ್ಳಿಗೂ ಒಂದು ಕ್ರಮಾಂಕವಿರುತ್ತದೆ. ‘ಮೂ 3’ ಎಂದರೆ ಆ ತಂಬೊನ್‌ನ ಮೂರನೆಯ ಹಳ್ಳಿ. ಹಳ್ಳಿಗೆ ಹೆಸರೂ ಇದೆ, ಜನ ಬಳಸುವುದೂ ಅದನ್ನೇ. ಆದರೆ ನೋಂದಣಿ ಪುಸ್ತಕ ನಂಬುವುದು ಕ್ರಮಾಂಕವನ್ನು. ದೊಡ್ಡ ಊರೊಂದನ್ನು ಆಡಳಿತದ ಅನುಕೂಲಕ್ಕೆ ಎರಡಾಗಿ ಒಡೆದರೆ ಒಂದೇ ಹೆಸರಿನ ಊರು ಎರಡು ‘ಮೂ’ಗಳಲ್ಲಿ ಹಂಚಿಹೋಗುವುದುಂಟು. ಹಾಗಾಗಿ ವಿಳಾಸದಲ್ಲಿ ಊರಿನ ಹೆಸರನ್ನು ಬರೆಯದಿದ್ದರೂ ಅಂಚೆಯವರಿಗೆ ತೊಂದರೆಯಾಗುವುದಿಲ್ಲ.

ಪ್ರಶ್ನೆ: ಅದೇ ವಿಳಾಸದಲ್ಲಿದ್ದ ಅಂಫೋದ ಹೆಸರು ‘ಕನ್ಲಯಾನಿವತ್ತನಾ’. ಇದು ನಮ್ಮ ‘ಕಲ್ಯಾಣಿ’ ಪದದ ಹಾಗೆ ಕೇಳಿಸುತ್ತದೆ. ಗುಡ್ಡಗಾಡಿನ ಅಂಫೋಗೆ ಇಂಥ ಹೆಸರು ಹೇಗೆ ಬಂತು? ಆ ಸೀಮೆ ಹೇಗಿದೆ?

ಉತ್ತರ: ನಿಮ್ಮ ಊಹೆ ಸರಿ. ‘ಕಲ್ಯಾಣಿ’ ಮತ್ತು ‘ವರ್ಧನ’ ಎಂಬ ಪದಗಳೇ ಪಾಲಿಯ ಮೂಲಕ ಹಾದು ಥಾಯ್ ಉಚ್ಚಾರಣೆಯಲ್ಲಿ ಹೀಗಾಗಿವೆ. ಇದು ರಾಜಕುಮಾರಿಯೊಬ್ಬರ ಹೆಸರು. ದೊರೆ ಭೂಮಿಬಲ ಅತುಲ್ಯತೇಜರ ಅಕ್ಕ ಗಲ್ಯಾಣಿ ವಧನಾ 1923ರಲ್ಲಿ ಲಂಡನ್‌ನಲ್ಲಿ ಹುಟ್ಟಿ, 2008ರ ಜನವರಿ 2ರಂದು ತೀರಿಕೊಂಡರು. ಮರುವರ್ಷದ ಡಿಸೆಂಬರ್ ಕೊನೆಯಲ್ಲಿ ಚಿಯಾಂಗ್ ಮಾಯ್ ಪ್ರಾಂತ್ಯದ ಮೇಚೇಮ್ ಅಂಫೋದಿಂದ ಬಾನ್ ಚಾನ್, ಚೇಮ್ ಲುವಾಂಗ್, ಮೇದೇತ್ ಎಂಬ ಮೂರು ತಂಬೊನ್‌ಗಳನ್ನು ಬೇರ್ಪಡಿಸಿ ಹೊಸ ಅಂಫೋ ರಚಿಸಿದಾಗ ಅದಕ್ಕೆ ಅವರ ಹೆಸರನ್ನಿಟ್ಟರು. ದೇಶದ 878ನೆಯ ಅಂಫೋ ಇದೇ. ಚಿಯಾಂಗ್ ಮಾಯ್ ಪ್ರಾಂತ್ಯದಲ್ಲಿ 25ನೆಯದು. ಥಾಯ್ ಕಡತಗಳಲ್ಲಿ ಇದರ ಸ್ಥಾಪನೆಯ ವರ್ಷ 2552 ಎಂದು ಕಂಡರೆ ಗಾಬರಿಯಾಗಬೇಕಿಲ್ಲ. ಅದು ಬುದ್ಧವರ್ಷ, 543 ಕಳೆದರೆ ನಮ್ಮ ಲೆಕ್ಕ ಸಿಗುತ್ತದೆ.

ಮೂರೇ ತಂಬೊನ್, ಸುಮಾರು 12,000 ಜನ. ಇಷ್ಟು ಚಿಕ್ಕ ಪ್ರದೇಶಕ್ಕೆ ಪ್ರತ್ಯೇಕ ಅಂಫೋ ಏಕೆ ಬೇಕಾಯಿತೆಂಬುದನ್ನು ಭೂಗೋಳವೇ ಹೇಳುತ್ತದೆ. ಚಿಯಾಂಗ್ ಮಾಯ್ ನಗರದ ಪಶ್ಚಿಮಕ್ಕೆ, ಮೇಹಾಂಗ್‌ಸಾನ್ ಪ್ರಾಂತ್ಯದ ಗಡಿಗೆ ಒತ್ತಿಕೊಂಡು, ಥನೋನ್ ಥೋಂಗ್ ಚಾಯ್ ಪರ್ವತಶ್ರೇಣಿಯಲ್ಲಿ ಈ ಸೀಮೆಯಿದೆ. ಇಲ್ಲಿನ ಇಳಿಜಾರುಗಳಲ್ಲಿ ತಾನಾಗಿಯೇ ಬೆಳೆದ ಪೈನ್ ಕಾಡುಗಳಿವೆ. ಕಣಿವೆಗಳ ತಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಿರುಗದ್ದೆಗಳಿವೆ. ಹಳೆಯ ಅಂಫೋದ ಕೇಂದ್ರವಾದ ಮೇಚೇಮ್ ಪಟ್ಟಣ ದಕ್ಷಿಣದಲ್ಲಿ ಬಹುದೂರ. ಒಂದು ಗುರುತಿನ ಚೀಟಿ ಮಾಡಿಸಬೇಕಾದರೂ ಇಲ್ಲಿನವರು ಗುಡ್ಡಗಳ ಸಾಲನ್ನೇ ದಾಟಿ ಹೋಗಬೇಕಿತ್ತು. ಮೊದಲಾಗಿದ್ದರೆ ಇಂಥ ಸೀಮೆಯನ್ನು ‘ಕಿಂಗ್ ಅಂಫೋ’ ಎಂಬ ಕಿರಿಯ ದರ್ಜೆಯಲ್ಲಿ ಕೆಲವು ವರ್ಷ ಇಟ್ಟು ನೋಡುತ್ತಿದ್ದರು. (ಇಲ್ಲಿ ‘ಕಿಂಗ್’ ಎಂದರೆ ಕೊಂಬೆ, ರಾಜನಿಗೂ ಅದಕ್ಕೂ ಸಂಬಂಧವಿಲ್ಲ.) ಆದರೆ 2007ರಲ್ಲಿ ಉಳಿದಿದ್ದ 81 ಕಿಂಗ್ ಅಂಫೋಗಳನ್ನೂ ಒಟ್ಟಿಗೇ ಪೂರ್ಣ ಅಂಫೋಗಳನ್ನಾಗಿಸಿದ್ದರಿಂದ ಇದಕ್ಕೆ ನೇರವಾಗಿ ಪೂರ್ಣ ದರ್ಜೆಯೇ ದಕ್ಕಿತು.

ಹೆಸರಿನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಹೊಸ ಅಂಫೋವನ್ನು ಮೊದಲು ‘ವಾತ್ ಚಾನ್’ ಎಂಬ ಹೆಸರಿನಲ್ಲಿ ಯೋಜಿಸಿದ್ದರು. ಅದು ಬಾನ್ ಚಾನ್ ತಂಬೊನ್‌ನಲ್ಲಿರುವ ಬೌದ್ಧ ವಿಹಾರದ ಹೆಸರು. ‘ಚಾನ್’ ಎಂಬುದು ಚಂದ್ರನೇ. ಆ ವಿಹಾರದ ಮುಂಭಾಗವು ಕಪ್ಪು ಕನ್ನಡಕ ಹಾಕಿಕೊಂಡ ಮುಖದಂತೆ ಕಾಣುವುದರಿಂದ ಪ್ರವಾಸಿಗರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅದಕ್ಕೂ ಹಿಂದಿನ ಹೆಸರು ಇನ್ನೊಂದಿದೆ. ಇಲ್ಲಿನ ನಿವಾಸಿಗಳಲ್ಲಿ ಬಹುಪಾಲು ಕರೆನ್ ಜನ. ತಮ್ಮನ್ನು ತಾವು ಪ್ಗಾಕೆನ್ಯೋ ಎಂದು ಕರೆದುಕೊಳ್ಳುವ ಅವರು ಈ ಸೀಮೆಯನ್ನು ‘ಮೂಜೆಖೀ’ ಎನ್ನುತ್ತಾರೆ, ಅಂದರೆ ಚೇಮ್ ನದಿಯ ಉಗಮದ ನಾಡು. ಇಲ್ಲಿ ಹುಟ್ಟಿದ ನೀರು ದಕ್ಷಿಣಕ್ಕೆ ಹರಿದು, ಮೇಚೇಮ್ ಕಣಿವೆಯನ್ನು ದಾಟಿ, ಪಿಂಗ್ ನದಿಯನ್ನು ಸೇರುತ್ತದೆ. ಊರು ಎಲ್ಲಿದೆ, ಅದರ ನೀರು ಎತ್ತ ಹೋಗುತ್ತದೆ ಎಂಬ ಎರಡನ್ನೂ ಒಂದೇ ಮಾತಿನಲ್ಲಿ ಹೇಳುವ ಈ ಹೆಸರೇ ಮೂರರಲ್ಲಿ ಹೆಚ್ಚು ಅರ್ಥವತ್ತಾದದ್ದೆಂದು ನನ್ನ ಅಭಿಪ್ರಾಯ. ಕಡತಕ್ಕೆ ಅದು ಹತ್ತಲಿಲ್ಲ.

ಥಾಯ್ ಹಳ್ಳಿಗಾಡಿನ ಹೆಸರುಗಳಲ್ಲಿ ಬಹುಪಾಲು ಇದೇ ಬಗೆಯವು. ‘ನೋಂಗ್’ ಎಂದರೆ ಕೆರೆ ಅಥವಾ ಜೌಗು, ‘ಹುವಾಯ್’ ಎಂದರೆ ಹಳ್ಳ, ‘ನಾ’ ಎಂದರೆ ಗದ್ದೆ, ‘ಪಾಕ್’ ಎಂದರೆ ನದೀಮುಖ. ಬೆಟ್ಟಕ್ಕೆ ಉತ್ತರದಲ್ಲಿ ‘ದೋಯ್’, ಈಶಾನ್ಯದಲ್ಲಿ ‘ಫೂ’, ಮಧ್ಯಭಾಗದಲ್ಲಿ ‘ಖಾವ್’ ಎನ್ನುವುದರಿಂದ ಹೆಸರಿನ ಮೊದಲ ಪದವನ್ನು ಕೇಳಿಯೇ ಊರು ಯಾವ ದಿಕ್ಕಿನದೆಂದು ಅಂದಾಜು ಮಾಡಬಹುದು. ಇವುಗಳ ಮೇಲೆ ರಾಜಧಾನಿಯು ಆಗಾಗ ಕೈಯಾಡಿಸಿದೆ. 1917ರಲ್ಲಿ ಅನೇಕ ಅಂಫೋಗಳ ಹೆಸರುಗಳನ್ನು ಒಂದೇ ಪ್ರಕಟಣೆಯಲ್ಲಿ ಬದಲಿಸಲಾಯಿತು. 1996ರಲ್ಲಿ ದೊರೆಯ ಆಳ್ವಿಕೆಗೆ ಐವತ್ತು ತುಂಬಿದ ನೆನಪಿಗೆ ಐದು ಪ್ರಾಂತ್ಯಗಳಲ್ಲಿ ಐದು ಹೊಸ ಅಂಫೋಗಳನ್ನು ರಚಿಸಿ, ಐದಕ್ಕೂ ‘ಚಲೋಮ್ ಫ್ರ ಕಿಯಾತ್’ ಎಂಬ ಒಂದೇ ಹೆಸರನ್ನು ಕೊಟ್ಟರು. ಪ್ರಾಂತ್ಯದ ಹೆಸರನ್ನು ಸೇರಿಸದೆ ಹೇಳಿದರೆ ಯಾವ ಚಲೋಮ್ ಫ್ರ ಕಿಯಾತ್ ಎಂದು ತಿಳಿಯುವುದಿಲ್ಲ.

ಪ್ರಶ್ನೆ: ಅಂಫೋದ ಮುಖ್ಯಸ್ಥರನ್ನು ಜನ ಚುನಾಯಿಸುತ್ತಾರೆಯೇ?

ಉತ್ತರ: ಇಲ್ಲ. ಅಂಫೋದ ಮುಖ್ಯಸ್ಥರಾದ ‘ನಾಯ್ ಅಂಫೋ’ ಆಂತರಿಕ ಸಚಿವಾಲಯದ ಅಧಿಕಾರಿ. ಅವರ ಮೇಲಿನ ಪ್ರಾಂತ್ಯಾಧಿಪತಿಯೂ ನೇಮಕಗೊಂಡವರೇ. ರಾಜ್ಯಪಾಲರೆಂದು ಕರೆಸಿಕೊಳ್ಳುವವರಲ್ಲಿ ಜನ ಮತ ಹಾಕಿ ಆರಿಸುವುದು ಬ್ಯಾಂಕಾಕ್‌ನವರನ್ನು ಮಾತ್ರ. ಗುರುತಿನ ಚೀಟಿ, ಮನೆಯ ನೋಂದಣಿ ಪುಸ್ತಕ, ಮದುವೆ, ಹೆಸರು ಬದಲಾವಣೆ ಮುಂತಾದವೆಲ್ಲ ಅಂಫೋ ಕಚೇರಿಯಲ್ಲಿ ನಡೆಯುತ್ತವೆ.

ಚುನಾವಣೆ ಆರಂಭವಾಗುವುದು ಅದರ ಕೆಳಗೆ, ಅದೂ ಎರಡು ದಾರಿಗಳಲ್ಲಿ. ಒಂದು ಹಳೆಯ ದಾರಿ: ಹಳ್ಳಿಯವರು ‘ಫೂಯಾಯ್ ಬಾನ್’ ಎಂಬ ಮುಖ್ಯಸ್ಥರನ್ನು ಆರಿಸುತ್ತಾರೆ, ಆ ಮುಖ್ಯಸ್ಥರಲ್ಲೇ ಒಬ್ಬರು ತಂಬೊನ್‌ಗೆ ‘ಕಮ್ನಾನ್’ ಆಗುತ್ತಾರೆ. ಇದರ ಮೊದಲ ಪ್ರಯೋಗ 1892ರಲ್ಲಿ ಅಯುತ್ಥಯಾದ ಬಾಂಗ್ ಪ ಇನ್‌ನಲ್ಲಿ ನಡೆಯಿತು. ಆ ನೆನಪಿಗೆ ಆಗಸ್ಟ್ 10ನ್ನು ಇವರ ದಿನವಾಗಿ ಆಚರಿಸುತ್ತಾರೆ. ಆಯ್ಕೆಯಾದವರು 60 ವರ್ಷ ತುಂಬುವವರೆಗೂ ಹುದ್ದೆಯಲ್ಲಿರಬಹುದು. ಅವರು ಜನರಿಂದ ಆರಿಸಿ ಬಂದವರಾದರೂ ಖಾಕಿ ಸಮವಸ್ತ್ರ ತೊಟ್ಟು ಸರಕಾರದ ಮಾಸಿಕ ಭತ್ಯೆ ಪಡೆಯುತ್ತಾರೆ. ಅಂಫೋದಿಂದ ಬಂದ ಸೂಚನೆಗಳನ್ನು ಕಂಬದ ಮೇಲಿನ ಧ್ವನಿವರ್ಧಕದಲ್ಲಿ ಬೆಳಗ್ಗೆ ಊರಿಗೆಲ್ಲ ಕೇಳುವಂತೆ ಓದುವುದು ಅವರ ಕೆಲಸಗಳಲ್ಲೊಂದು. ಇನ್ನೊಂದು ಹೊಸ ದಾರಿ: 1994ರ ಕಾಯ್ದೆಯಿಂದ ಬಂದ ತಂಬೊನ್ ಆಡಳಿತ ಸಂಸ್ಥೆ. ‘ಓ ಬೋ ತೋ’ ಎಂದು ಕರೆಯಲಾಗುವ ಇದಕ್ಕೆ ಚುನಾಯಿತ ಅಧ್ಯಕ್ಷರೂ ಸದಸ್ಯರೂ ಸ್ವಂತ ಆಯವ್ಯಯವೂ ಉಂಟು. ಊರ ರಸ್ತೆ, ಕುಡಿಯುವ ನೀರು, ಕಸ ವಿಲೇವಾರಿ, ಶಿಶುಕೇಂದ್ರಗಳು ಇದರ ಪಾಲಿಗೆ ಸೇರಿವೆ.

ಹೀಗೆ ಒಂದೇ ತಂಬೊನ್‌ನಲ್ಲಿ ಇಬ್ಬರು ಯಜಮಾನರಿದ್ದಾರೆ, ಇಬ್ಬರ ಮೇಲೂ ನಾಯ್ ಅಂಫೋ ಅವರ ಕಣ್ಣಿದೆ. ಅಧಿಕಾರ ವಿಕೇಂದ್ರೀಕರಣವಾಗಿದೆಯೆಂದು ಹೇಳುವವರು ಓ ಬೋ ತೋವನ್ನು ತೋರಿಸುತ್ತಾರೆ. 2014ರ ಸೇನಾಕ್ರಾಂತಿಯ ನಂತರ ಸ್ಥಳೀಯ ಚುನಾವಣೆಗಳು ನಿಂತುಹೋಗಿ, ಈ ಸಂಸ್ಥೆಗಳಿಗೆ ಮತ್ತೆ ಮತದಾನ ನಡೆದದ್ದು 2021ರ ನವೆಂಬರ್ 28ರಂದು. ಅಷ್ಟು ವರ್ಷವೂ ಅಂಫೋ ಕಚೇರಿಯ ಕೆಲಸ ಒಂದು ದಿನವೂ ನಿಲ್ಲಲಿಲ್ಲವೆಂಬುದನ್ನು ಗಮನಿಸಿದರೆ ಈ ವ್ಯವಸ್ಥೆಯ ತೂಕ ಯಾವ ಕಡೆಗಿದೆಯೆಂದು ಗೊತ್ತಾಗುತ್ತದೆ.

ಪ್ರಶ್ನೆ: ಆ ವಿಳಾಸದ ಪಿನ್ ಸಂಖ್ಯೆ 58130. ಚಿಯಾಂಗ್ ಮಾಯ್ ಸಂಖ್ಯೆಗಳು 50ರಿಂದ ಆರಂಭವಾಗುತ್ತವೆಯಲ್ಲವೇ? ಅಚ್ಚಿನ ತಪ್ಪೇ?

ಉತ್ತರ: ತಪ್ಪಲ್ಲ. 58 ನೆರೆಯ ಮೇಹಾಂಗ್‌ಸಾನ್ ಪ್ರಾಂತ್ಯದ ಸಂಖ್ಯೆ, 58130 ಅಲ್ಲಿನ ಪಾಯ್ ಅಂಫೋದ್ದು. ಈ ಗುಡ್ಡಗಳಿಗೆ ಪಾಯ್ ಕಡೆಯ ದಾರಿ ಹತ್ತಿರವಾದ್ದರಿಂದ ಅಂಚೆಯ ಸಂಖ್ಯೆಯೂ ಅಲ್ಲಿಯದೇ. ಆಡಳಿತದ ಸಂಕೇತ ಸಂಖ್ಯೆ ಮಾತ್ರ 5025: ಮೊದಲೆರಡು ಅಂಕಿ ಚಿಯಾಂಗ್ ಮಾಯ್‌ದು, ಉಳಿದೆರಡು ಅಂಫೋದ್ದು. ಪತ್ರ ಬರೆಯುವುದಿದ್ದರೆ ಪ್ರಾಂತ್ಯ ಚಿಯಾಂಗ್ ಮಾಯ್ ಎಂದೇ ಬರೆದು, ಪಿನ್ ಸಂಖ್ಯೆಯನ್ನು 58130 ಎಂದೇ ಉಳಿಸಿಕೊಳ್ಳಿ.