ರೀಲ್ಸ್ ಬಿಡದ ಮಗ, ಫೋನ್ ಕಿತ್ತುಕೊಳ್ಳಲೇ?

ಮೇಡಂ, ಹತ್ತನೇ ಕ್ಲಾಸಿನ ಮಗ ರೀಲ್ಸ್ ಬಿಟ್ಟು ಹತ್ತು ನಿಮಿಷವೂ ಓದಲು ಕೂರಲ್ಲ, ಫೋನ್ ಕಿತ್ತುಕೊಳ್ಳಲೇ ಅಂತ ಕೇಳಿದ್ದೀರಿ. ದಯವಿಟ್ಟು ಒಮ್ಮೆಲೇ ಬೇಡ. ನಾವು ಹಾಗೆ ಮಾಡಿದಾಗ ಮಗಳು ಎರಡು ದಿನ ಸರಿಯಾಗಿ ಊಟವನ್ನೇ ಮಾಡಲಿಲ್ಲ. ಆಮೇಲೆ ರಾತ್ರಿ ಹತ್ತಕ್ಕೆ ಎಲ್ಲರ ಫೋನೂ, ನಮ್ಮದೂ ಸೇರಿ, ಅಡುಗೆಮನೆಯಲ್ಲಿ ಮಿಕ್ಸಿ ಪಕ್ಕ ಚಾರ್ಜಿಗೆ ಹಾಕೋದು ಅಂತ ಮಾಡಿದೆವು, ಅವಳಿಗೆ ಬೆಳಗ್ಗೆ ಏಳಲು ಹಳೇ ಅಲಾರಂ ಗಡಿಯಾರ ಕೊಟ್ಟೆವು. ನಿದ್ದೆ ಸರಿಹೋದ ಮೇಲೇನೇ ಓದು ಸ್ವಲ್ಪ ತಲೆಗೆ ಹತ್ತಿದ್ದು. ಸುಮ್ನೆ ಸೋಮಾರಿ ಅಂತ ಬೈಯಬೇಡಿ, ರೀಲ್ಸ್‌ಗೆ ಕೊನೆಯೇ ಇಲ್ಲ ಅಲ್ವಾ, ಮುಂದಿನದು ಇನ್ನೂ ಚೆನ್ನಾಗಿರಬಹುದು ಅನ್ನೋ ಆಸೆಗೇ ಬೆರಳು ಓಡುತ್ತೆ. ಚಿಕ್ಕಂದಿನಿಂದಲೂ ಗಮನ ನಿಲ್ಲದಿದ್ದರೆ ಎಡಿಎಚ್‌ಡಿ ಅನ್ನೋ ಗಮನದ ತೊಂದರೆ ಇದೆಯಾ ಅಂತ ಡಾಕ್ಟರಿಗೆ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಫೋನ್, ಇಂಟರ್ನೆಟ್ ಚಟಕ್ಕೆಂದೇ ಶಟ್ ಕ್ಲಿನಿಕ್ ಇದೆ. ದೂರವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.