ಲೇಔಟ್ ಮೂಲೇಲಿರೋ ಖಾಲಿ ಜಾಗಕ್ಕೆ ಏನ್ ಮಾಡೋದು? ಮೊದ್ಲು ಅಲ್ಲಿರೋ ಇಸ್ತ್ರಿ ಗಾಡಿ ಎತ್ತಿಸ್ಬೇಡಿ

ನಿಮ್ ಪ್ರಶ್ನೆ ಓದಿ ನಗು ಬಂತು, ಯಾಕಂದ್ರೆ ಆರು ವರ್ಷದ ಹಿಂದೆ ನಾನೂ ಇದನ್ನೇ ಕೇಳ್ಕೊಂಡು ಓಡಾಡ್ತಿದ್ದೆ. ಲೇಔಟ್ ಮೂಲೇಲಿ 40-60 ಅಡಿ ಸೈಟಿನಷ್ಟು ತುಂಡು ಜಾಗ, ನಡುವೆ ಒಂದು ಹಳೇ ಮರ, ರಾತ್ರಿ ಯಾರೋ ಬಂದು ಕಸ ಸುರಿದು ಹೋಗ್ತಾರೆ, ಅಸೋಸಿಯೇಷನ್ ಹತ್ರ ಸ್ವಲ್ಪ ದುಡ್ಡಿದೆ, ಈ ಪ್ಲೇಸ್‌ಮೇಕಿಂಗ್ ಅಂತಾರಲ್ಲ, ಖಾಲಿ ಜಾಗವನ್ನ ಜನ ಬಂದು ಕೂರೋ ಹಾಗೆ ಮಾಡೋದು, ಅದನ್ನ ಸಸ್ಟೈನಬಲ್ ಆಗಿ ಮಾಡೋಕೆ ಎಲ್ಲಿಂದ ಶುರು ಮಾಡ್ಲಿ, ಎಷ್ಟು ಖರ್ಚಾಗತ್ತೆ, ಇಷ್ಟು ತಾನೆ ನೀವು ಕೇಳಿರೋದು?

ನಾನು ಆರ್ಕಿಟೆಕ್ಟೂ ಅಲ್ಲ ಪ್ಲಾನರೂ ಅಲ್ಲ. ಬೆಂಗಳೂರಲ್ಲಿ ಒಂದು ಹಳೇ ಲೇಔಟಲ್ಲಿ ಇಪ್ಪತ್ತು ವರ್ಷದಿಂದ ಇರೋನು, ಎರಡು ಸಲ ಅಸೋಸಿಯೇಷನ್ ಸೆಕ್ರೆಟರಿ ಆಗಿ ಎಲ್ರ ಹತ್ರ ಬೈಸ್ಕೊಂಡಿರೋನು. ಮೊದ್ಲು ನಾವು ಮಾಡಿದ ಎಡವಟ್ಟು ಹೇಳ್ಬಿಡ್ತೀನಿ, ಅರ್ಧ ಉತ್ತರ ಅದ್ರಲ್ಲೇ ಇದೆ.

ನಮ್ ಜಾಗದಲ್ಲಿ ಹೊಂಗೆ ಮರದ ಕೆಳಗೆ ಒಂದು ಇಸ್ತ್ರಿ ಗಾಡಿ ಇತ್ತು. ಗಂಡ ಹೆಂಡ್ತಿ ಬೆಳಿಗ್ಗೆ ಏಳಕ್ಕೆ ಇದ್ದಿಲು ಹಚ್ಚಿದ್ರೆ ರಾತ್ರಿ ಒಂಬತ್ತೂವರೆ ತನಕ ಅಲ್ಲೇ. ಬೆಳಿಗ್ಗೆ ಹೊತ್ತು ಸೊಪ್ಪಿನಜ್ಜಿ ಬಂದು ಗೋಣಿಚೀಲ ಹಾಸ್ಕೊಂಡು ಕೂರೋರು, ಮಧ್ಯಾಹ್ನ ಎರಡು ಆಟೋ ನಿಂತಿರೋವು, ಡ್ರೈವರ್‌ಗಳು ಕಾಲು ಚಾಚ್ಕೊಂಡು ನಿದ್ದೆ. ಕಸ ಬೀಳ್ತಿದ್ದಿದ್ದು ಆ ಕಡೆ ಮೂಲೇಲಿ ಮಾತ್ರ, ಗಾಡಿ ಹತ್ರ ನಿಂತ್ರೆ ಕಾಣದೇ ಇರೋ ಕಡೆ. ಆದ್ರೆ ನಮ್ಗೆ ಆಗ ಅದೆಲ್ಲ ಎಲ್ಲಿ ಹೊಳೀಬೇಕು, ಗಾಡಿ ಅಜ್ಜಿ ಆಟೋ ಕಸ ಎಲ್ಲಾ ಸೇರಿ ಒಂದೇ 'ಗಲೀಜು' ಅನ್ಸ್ತು, ಯಾರ್ದೋ ಪರಿಚಯದ ಹುಡುಗ ಕಂಪ್ಯೂಟರಲ್ಲಿ ಚೆಂದದ ತ್ರೀಡಿ ಚಿತ್ರ ಮಾಡ್ಕೊಟ್ಟ, ಅದ್ರಲ್ಲಿ ಬೆಳ್ಳಗಿರೋ ಜನ ಬಲೂನ್ ಹಿಡ್ಕೊಂಡು ನಿಂತಿದ್ರು, ನಾವೆಲ್ಲ ಬಾಯಿ ಬಿಟ್ಕೊಂಡು ನೋಡಿ ಒಪ್ಕೊಂಡ್ವಿ.

ಗಾಡಿ ಎತ್ತಿಸಿದ್ವಿ. ಇಡೀ ಜಾಗಕ್ಕೆ ಇಂಟರ್‌ಲಾಕ್ ಟೈಲ್ಸ್, ಮರದ ಬುಡಕ್ಕೆ ಅಂಟ್ಕೊಂಡ ಹಾಗೆ. ನಾಲ್ಕು ಗ್ರಾನೈಟ್ ಬೆಂಚು, ಮೆರವಣಿಗೆ ಥರ ಸಾಲಾಗಿ. ಗೋಡೆಗೆ ಪೇಂಟಿಂಗ್. ಟೇಪ್ ಕಟಿಂಗು, ಕೇಸರಿಬಾತು, ಗ್ರೂಪ್ ಫೋಟೋ.

ನಾಲ್ಕು ತಿಂಗಳಲ್ಲಿ ಸತ್ತೋಯ್ತು ಜಾಗ. ಮೂರು ಬೆಂಚು ಬಿಸಿಲಲ್ಲಿ, ಹನ್ನೊಂದು ಗಂಟೆ ಮೇಲೆ ಗ್ರಾನೈಟ್ ಮೇಲೆ ಕೂತ್ರೆ ದೋಸೆ ಹುಯ್ದಂಗೆ ಆಗತ್ತೆ. ಸಂಜೆ ಏಳರ ಮೇಲೆ ಅಲ್ಲಿ ಯಾರೂ ಇಲ್ಲ, ಇಲ್ಲ ಅಂತ ಗೊತ್ತಾದ ತಕ್ಷಣ ಮೂಲೇಲಿ ಬೀಳ್ತಿದ್ದ ಕಸ ಬೆಂಚಿನ ಪಕ್ಕಕ್ಕೇ ಬಂತು. ರಾತ್ರಿ ಟ್ಯೂಷನ್‌ನಿಂದ ಬರೋ ಹೆಣ್ಮಕ್ಕಳು ಆ ಕಡೆ ರಸ್ತೆ ಬಿಟ್ಟು ಸುತ್ತು ಹಾಕ್ಕೊಂಡು ಬರೋಕೆ ಶುರು ಮಾಡಿದ್ರು. ಒಬ್ಬ ಹುಡುಗಿ ಮೀಟಿಂಗಲ್ಲೇ ಕೇಳಿದ್ಲು, 'ಅಂಕಲ್, ಇಸ್ತ್ರಿ ಆಂಟಿ ಇದ್ದಾಗ ಭಯ ಆಗ್ತಿರ್ಲಿಲ್ಲ, ಯಾಕೆ ಕಳಿಸಿದ್ರಿ?' ಅಂತ. ಉತ್ತರ ಇರ್ಲಿಲ್ಲ ನಮ್ ಹತ್ರ. ಬಿಟ್ಟಿ ವಾಚ್‌ಮನ್, ಬಿಟ್ಟಿ ಸಿಸಿ ಕ್ಯಾಮೆರಾ, ಬಿಟ್ಟಿ ಕೊರಿಯರ್ ಆಫೀಸು ಎಲ್ಲಾ ಆಗಿದ್ದ ಮನುಷ್ಯರನ್ನ ನಾವೇ ದುಡ್ಡು ಖರ್ಚು ಮಾಡಿ ಓಡಿಸಿದ್ವಿ.

ಆಮೇಲೆ ಓದ್ತಾ ಹೋದಾಗ ಗೊತ್ತಾಯ್ತು, ಅಮೆರಿಕದಲ್ಲಿ ವಿಲಿಯಂ ವೈಟ್ ಅನ್ನೋರು 1970ರ ದಶಕದಲ್ಲೇ ನ್ಯೂಯಾರ್ಕ್‌ನ ಪ್ಲಾಜಾಗಳಲ್ಲಿ, ಅಂದ್ರೆ ದೊಡ್ಡ ಕಟ್ಟಡಗಳ ಮುಂದಿನ ಬಯಲಲ್ಲಿ, ಕ್ಯಾಮೆರಾ ಇಟ್ಟು ಜನ ಎಲ್ಲಿ ಕೂರ್ತಾರೆ, ಎಲ್ಲಿ ನಿಲ್ತಾರೆ ಅಂತ ಶೂಟ್ ಮಾಡಿ ನೋಡಿದ್ರಂತೆ. ಅವ್ರು ಕಂಡ್ಕೊಂಡಿದ್ದು ಇಷ್ಟೇ, ಕೂರೋಕೆ ಅನುಕೂಲ ಇರೋ ಕಡೆ ಜನ ಕೂರ್ತಾರೆ, ಜನ ಇರೋ ಕಡೆಗೇ ಇನ್ನಷ್ಟು ಜನ ಬರ್ತಾರೆ, ತಿಂಡಿ ಗಾಡಿ ಇದ್ರಂತೂ ಇನ್ನೂ ಬರ್ತಾರೆ. ನಮ್ಮಜ್ಜಿ ಇದ್ದಿದ್ರೆ 'ಇದಕ್ಕೆ ಕ್ಯಾಮೆರಾ ಬೇಕಿತ್ತೇನೋ' ಅಂತಿದ್ರು. ನಮ್ಮೂರ ಅರಳಿಕಟ್ಟೆ ನೆನಪು ಮಾಡ್ಕೊಳ್ಳಿ. ಅರಳಿ ಬೇವು ಜೊತೇಲಿ, ಸುತ್ತ ಮಂಡಿ ಎತ್ತರಕ್ಕೆ ಕಲ್ಲು ಕಟ್ಟಿರ್ತಾರೆ. ಅದು ಸುತ್ತಲೂ ಇರೋದ್ರಿಂದ ನೆರಳು ತಿರುಗಿದ ಹಾಗೆ ನೀವೂ ತಿರುಗಿ ಕೂರ್ಬಹುದು, ಬೇಡದವ್ನು ಬಂದ್ರೆ ಆ ಕಡೆ ಮುಖ ಮಾಡ್ಕೊಂಡು ಕೂರ್ಬಹುದು. ಸಾಲು ಬೆಂಚಿಗೆ ಆ ಬುದ್ಧಿ ಇಲ್ಲ. ಹಾಗಂತ ಹಳ್ಳಿ ಕಟ್ಟೆ ಅಂದ್ರೆ ಸ್ವರ್ಗ ಅಂತ ಹಾಡೋನಲ್ಲ ನಾನು, ಅಲ್ಲಿ ಯಾವ ಕೇರಿಯವ್ರು ಕೂರ್ಬಹುದು ಯಾರು ಕೂರಂಗಿಲ್ಲ ಅಂತ ಇತ್ತು, ಹೆಂಗಸ್ರು ಕೂತಿದ್ದನ್ನ ನಾನು ನಮ್ಮೂರಲ್ಲಿ ನೋಡೇ ಇಲ್ಲ. ನಾವು ಪೇಟೇಲಿ 'ಗಲೀಜು' ಅಂತ ಇಸ್ತ್ರಿಯವ್ರನ್ನ ಓಡಿಸಿದ್ದು ಅದೇ ಬುದ್ಧಿಯ ಹೊಸ ವೇಷ ಅಂತ ಈಗ ಅನ್ಸತ್ತೆ.

ಕಾನೂನೂ ತಿಳ್ಕೊಂಡಿರಿ, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ರಸ್ತೇಲಿ ಸೇವೆ ಕೊಡೋರೂ ಬೀದಿ ವ್ಯಾಪಾರಿಗಳೇ, ಅಸೋಸಿಯೇಷನ್‌ಗೆ ಇಷ್ಟ ಇಲ್ಲ ಅಂತ ಎತ್ತಿ ಬಿಸಾಕೋ ಹಾಗಿಲ್ಲ. ಇನ್ನು ಆ ಜಾಗ ಯಾರ್ದು ಅಂತ ದಾಖಲೆಲಿ ನೋಡಿ, ಪಾರ್ಕಾ, ಸಿಎ ಸೈಟಾ (ನಾಗರಿಕ ಸೌಲಭ್ಯಕ್ಕೆ ಅಂತ ಬಿಟ್ಟ ಜಾಗ), ರಸ್ತೆ ಅಂಚಾ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೇಲಿ ಲೇಔಟಿನ 15 ಪರ್ಸೆಂಟ್ ಪಾರ್ಕು ಆಟದ ಮೈದಾನಕ್ಕೆ, ಅದ್ರ ಮೇಲೆ 10 ಪರ್ಸೆಂಟ್ ನಾಗರಿಕ ಸೌಲಭ್ಯಕ್ಕೆ ಬಿಡ್ಬೇಕು ಅಂತಿದೆ. ಪಾರ್ಕು ಅಂತಿದ್ರೆ ಗಟ್ಟಿ ನಿಮ್ ಕೇಸು. ರಾಜಮಹಲ್ ವಿಲಾಸ ಬಡಾವಣೆಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನ ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದನ್ನ ಅಲ್ಲಿನ ನಿವಾಸಿಗಳೇ ಕೋರ್ಟಿಗೆ ಹೋಗಿ ತಡೆದ್ರು, 1991ರಲ್ಲಿ ಸುಪ್ರೀಂ ಕೋರ್ಟ್ ಅವ್ರ ಪರವಾಗೇ ಹೇಳ್ತು. ಸಿಎ ಸೈಟಾದ್ರೆ ನಾಳೆ ಯಾರಿಗಾದ್ರೂ ಹಂಚಿಕೆ ಆಗ್ಬಹುದು, ಅಲ್ಲಿ ಲಕ್ಷಗಟ್ಲೆ ಸುರೀಬೇಡಿ.

ಸರಿ, ನಾವು ಎರಡನೇ ಸಲ ಏನ್ ಮಾಡಿದ್ವಿ ಅಂದ್ರೆ, ಮೊದ್ಲು ಹೋಗಿ ಇಸ್ತ್ರಿಯವ್ರ ಹತ್ರ ತಪ್ಪಾಯ್ತು ಅಂತ ಕೇಳ್ಕೊಂಡು ವಾಪಸ್ ಕರ್ಕೊಂಡು ಬಂದ್ವಿ, ಅವ್ರು ಸುಮ್ನೆ ಬರ್ಲಿಲ್ಲ, ತಲೆ ಮೇಲೆ ಶೀಟು ಕುಡಿಯೋ ನೀರು ಎರಡೂ ಬೇಕು ಅಂದ್ರು, ನ್ಯಾಯವಾಗೇ ಇತ್ತು, ಕೊಟ್ವಿ. ಆಮೇಲೆ ಮೂರು ವಾರ ಏನೂ ಕಟ್ಲಿಲ್ಲ. ಒಂದು ನೋಟ್‌ಬುಕ್ ಇಟ್ಕೊಂಡು ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ಯಾರು ಬರ್ತಾರೆ, ಎಲ್ಲಿ ನಿಲ್ತಾರೆ, ನೆರಳು ಎಲ್ಲಿ ಬೀಳತ್ತೆ, ನೀರು ಎಲ್ಲಿ ನಿಲ್ಲತ್ತೆ ಅಂತ ಬರ್ಕೊಂಡ್ವಿ. ನಾಲ್ಕು ಪ್ಲಾಸ್ಟಿಕ್ ಚೇರ್ ತಂದು ಬಿಟ್ವಿ ಅಷ್ಟೇ. ಜನ ಚೇರನ್ನ ಎಲ್ಲೆಲ್ಲಿಗೆ ಎಳ್ಕೊಂಡು ಹೋಗಿ ಕೂತ್ರೋ ಅದೇ ನಮ್ಗೆ ಡ್ರಾಯಿಂಗ್ ಆಯ್ತು. (ಒಂದು ಚೇರ್ ಕಳವಾಯ್ತು, ಅದನ್ನೂ ಖರ್ಚಿಗೆ ಸೇರಿಸ್ಕೊಳ್ಳಿ.) ದೊಡ್ಡ ಮಟ್ಟದಲ್ಲೂ ಹೀಗೆ ಪರೀಕ್ಷೆ ಮಾಡಿದ್ದಾರೆ, ಬೆಂಗಳೂರಿನ ಚರ್ಚ್ ಸ್ಟ್ರೀಟಲ್ಲಿ 2020ರ ನವೆಂಬರಿಂದ 2021ರ ಫೆಬ್ರವರಿವರೆಗೆ ಶನಿವಾರ ಭಾನುವಾರ ಕಾರು ಬೈಕು ಬಿಡದೆ ಬರೀ ಓಡಾಡೋರಿಗೆ ಬಿಟ್ಟಿದ್ರು. ಗಾಡಿ ಇಲ್ಲದ ರಸ್ತೆ ಹೇಗಿರತ್ತೆ ಅಂತ ಬ್ಯಾರಿಕೇಡ್ ಇಟ್ಟೇ ನೋಡ್ಬಹುದು, ತಪ್ಪಾದ್ರೆ ಎತ್ತಿಬಿಟ್ರೆ ಆಯ್ತು, ಕಲ್ಲು ಕಾಂಕ್ರೀಟು ಹಾಕಿದ್ಮೇಲೆ ಎತ್ತೋದು ಕಷ್ಟ.

ಟೈಲ್ಸಿನ ಕಥೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ನಿಮ್ ಸಸ್ಟೈನಬಲ್ ಅನ್ನೋದು ಪೂರ್ತಿ ಅದ್ರಲ್ಲೇ ಇರೋದು. ಬೆಂಗಳೂರಲ್ಲಿ ವರ್ಷಕ್ಕೆ ಸರಾಸರಿ 970 ಮಿಲಿಮೀಟರ್ ಆಸುಪಾಸು ಮಳೆ. 40-60 ಜಾಗ ಅಂದ್ರೆ ವರ್ಷಕ್ಕೆ ಎರಡು ಲಕ್ಷ ಲೀಟರಿಗೂ ಜಾಸ್ತಿ ನೀರು ಅದ್ರ ಮೇಲೇ ಬೀಳತ್ತೆ, ಅದನ್ನೆಲ್ಲ ನಾವು ಟೈಲ್ಸ್ ಹಾಕಿ ಮೋರಿಗೆ ಓಡಿಸ್ತಿದ್ವಿ, ಮರ ಮಾತ್ರ ಒಣಗ್ತಿತ್ತು. ಕಿತ್ತು ಹಾಕಿದ್ವಿ, ನಡೆಯೋ ದಾರಿ ಬಿಟ್ಟು ಬೇರೆ ಕಡೆಯೆಲ್ಲ ಮಣ್ಣು ಹುಲ್ಲು. ತಗ್ಗಿರೋ ಕಡೆ ಮೂರಡಿ ಅಗಲ ಇಪ್ಪತ್ತಡಿ ಆಳದ ಒಂದು ಇಂಗುಬಾವಿ (ಮಳೆನೀರನ್ನ ನೆಲದೊಳಗೆ ಇಂಗಿಸೋ ಬಾವಿ), ತಲೆತಲಾಂತರದಿಂದ ಬಾವಿ ತೋಡೋ ಮಣ್ಣು ವಡ್ಡರ ಸಮುದಾಯದವ್ರೇ ಬಂದು ತೋಡಿ ಸಿಮೆಂಟ್ ರಿಂಗ್ ಇಳಿಸಿ ಕೊಟ್ರು, ಒಂದು ಸಲಕ್ಕೆ ನಾಲ್ಕು ಸಾವಿರ ಲೀಟರ್ ಹಿಡಿಯತ್ತೆ, ನಮ್ಗೆ ಆಗ ಸುಮಾರು 40 ಸಾವಿರ ಬಿತ್ತು. ಬಾಯಿಗೆ ಗಟ್ಟಿ ಮುಚ್ಚಳ ಹಾಕ್ಸಿ, ಮಕ್ಕಳು ಆಡೋ ಜಾಗ. ನೀರು ಒಳಗೆ ಹೋಗೋಕೆ ಮುಂಚೆ ಜಲ್ಲಿ ಮರಳಿನ ಗುಂಡಿ ಒಂದಿರ್ಲಿ, ವರ್ಷಕ್ಕೊಂದು ಸಲ ಮಳೆಗಾಲಕ್ಕೆ ಮುಂಚೆ ಹೂಳು ತೆಗೀಬೇಕು. ಕಟ್ಟೆ ಕಟ್ಟೋವಾಗ ಮರದ ಬುಡದಿಂದ ಐದಡಿ ದೂರ ಬಿಟ್ಟು ಕಟ್ಟಿ, ಒಳಗೆ ಮಣ್ಣು ಏರಿಸ್ಬೇಡಿ, ಬೇರಿಗೆ ಉಸಿರು ಕಟ್ಟತ್ತೆ.

ಮರ ಕಡಿಯೋಣ ಅಂತ ಯಾರಾದ್ರೂ ಅಂದ್ರೆ ಒಪ್ಪಲೇಬೇಡಿ. ಬೆಂಗಳೂರಿನ ರಸ್ತೆಗಳಲ್ಲೇ ಅಳತೆ ಮಾಡಿ 2013ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಮಧ್ಯಾಹ್ನ ಹೊತ್ತು ಮರ ಇರೋ ಕಡೆ ಗಾಳಿ 5.6 ಡಿಗ್ರಿ ತನಕ ತಣ್ಣಗಿತ್ತು, ಡಾಂಬರಿನ ಮೇಲ್ಮೈ ಅಂತೂ 27.5 ಡಿಗ್ರಿ ತನಕ ವ್ಯತ್ಯಾಸ. ಯಾವ ಛತ್ರಿ, ಯಾವ ಕಂಬದ ಚಪ್ಪರ ಕೊಡತ್ತೆ ಅದನ್ನ?

ಇನ್ನು ಚೆಂದವಾಗಿ ಪೇಂಟ್ ಮಾಡಿದ್ರೆ ಕಸ ಹಾಕಲ್ಲ ಅನ್ನೋ ನಂಬಿಕೆ. ದಿ ಅಗ್ಲಿ ಇಂಡಿಯನ್ ಅನ್ನೋ, ಸದಸ್ಯರು ತಮ್ಮ ಹೆಸರು ಹೇಳ್ಕೊಳ್ಳದ ಗುಂಪು 2010ರಿಂದ ಬೆಂಗಳೂರಲ್ಲಿ ಇಂಥ ಕಸದ ಮೂಲೆಗಳನ್ನ ಸರಿ ಮಾಡ್ತಾ ಬಂತು, ಆ ಕೆಂಪು ಬಣ್ಣದ ಗೋಡೆಗಳು ನೀವೂ ನೋಡಿರ್ತೀರ. ಕೆಲ್ಸ ಮಾಡತ್ತೆ, ಆದ್ರೆ ಪಕ್ಕದ ಅಂಗಡಿಯವ್ರು ಮನೆಯವ್ರು ನಮ್ದು ಅಂತ ನೋಡ್ಕೊಂಡ ಕಡೆ ಮಾತ್ರ ಉಳಿಯತ್ತೆ, ಬಣ್ಣ ಒಂದೇ ಕಾವಲು ಕಾಯಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ ಒಂದ್ಸಲ ಹೋಗಿ ನೋಡಿ, 48 ಎಕರೆ, ಸುತ್ತಮುತ್ತಲ ಜನ ಪಾಲಿಕೆ ಜೊತೆ ಕೂತು ಯೋಜನೆ ಮಾಡಿ ಉಳಿಸ್ಕೊಂಡಿದ್ದು. ವಾಕಿಂಗ್ ಪಾತ್ ಮಾಡಿದ್ರು ಸರಿ, ಆದ್ರೆ ದನಕ್ಕೆ ಹುಲ್ಲು ಕೊಯ್ಕೊಂಡು ಹೋಗೋರಿಗೂ ಅಲ್ಲಿ ಜಾಗ ಇದೆ, ಪಕ್ಕದ ಸರ್ಕಾರಿ ಶಾಲೆ ಮಕ್ಕಳು ಕೂರೋಕೆ ಮೆಟ್ಟಿಲಿನ ಬಯಲು ರಂಗ ಇದೆ. ಶೂ ಹಾಕ್ಕೊಂಡು ಬರೋರಿಗೆ ಮಾತ್ರ ಅಂತ ಮಾಡಿದ್ರೆ ಬೆಳಿಗ್ಗೆ ಎರಡು ಗಂಟೆ ಜನ, ಉಳಿದ ಹೊತ್ತು ಖಾಲಿ. 2024ರ ತನಕ ನಮ್ಮ ಎಷ್ಟೋ ಪಾರ್ಕುಗಳ ಗತಿ ಅದೇ ಆಗಿತ್ತಲ್ವಾ, ಬೆಳಿಗ್ಗೆ ಹತ್ತಕ್ಕೆ ಬೀಗ, ಆಮೇಲೆ ಮತ್ತೆ ತೆಗೆಯೋ ತನಕ ಬಿಸಿಲಲ್ಲಿ ನೆರಳು ಬೇಕಾಗಿರೋ ಡೆಲಿವರಿ ಹುಡುಗ್ರು ಹೊರಗಡೆ ಗ್ರಿಲ್ ಪಕ್ಕ ಗಾಡಿ ಮೇಲೆ ಕೂತು ಊಟ ಮಾಡ್ತಿದ್ರು. ನೀವು ಗೇಟೇ ಇಡ್ಬೇಡಿ.

ಖರ್ಚು ಕೇಳಿದೀರ. ಮೊದಲ್ನೇ ಸಲಕ್ಕಿಂತ ಎರಡನೇ ಸಲ ಅರ್ಧಕ್ಕಿಂತ ಕಮ್ಮಿ ಆಯ್ತು, ಬಾವಿ ಸೇರಿ. ಅದ್ರೊಳಗೆ ಮರ್ಯಾದೆಯಾಗಿ ತಿಂಗಳ ನಿರ್ವಹಣೆಗೆ ಅಂತ ಒಂದಷ್ಟು ಎತ್ತಿಟ್ವಿ, ಗುಡಿಸೋರಿಗೆ ಸಂಬಳ, ಲೈಟಿನ ಬಲ್ಬು. ಲೈಟು ತುಂಬ ಎತ್ತರಕ್ಕೆ ಹಾಕ್ಬೇಡಿ, ಮರದ ಎಲೆ ಮೇಲೆ ಬೆಳಕು ಬಿದ್ದು ಕೆಳಗೆ ಕತ್ತಲೇ ಇರತ್ತೆ, ನಾವು ಹತ್ತಡಿಗೆ ಇಳಿಸಿದ್ವಿ.

ನಿಮ್ ಜಾಗದ ಫೋಟೋ ಎರಡು ಹಾಕಿ, ಒಂದು ಮಧ್ಯಾಹ್ನ ಹನ್ನೆರಡಕ್ಕೆ ಒಂದು ರಾತ್ರಿ ಎಂಟಕ್ಕೆ ತೆಗ್ದಿದ್ದು. ಮೋರಿ ಯಾವ ಕಡೆ ಇದೆ, ಮರ ಯಾವ್ದು, ಈಗ ಅಲ್ಲಿ ದಿನಾ ಯಾರ್ಯಾರು ನಿಂತಿರ್ತಾರೆ ಅಂತ ಬರೀರಿ, ಇಂಗುಬಾವಿ ಎಲ್ಲಿ ಬರ್ಬಹುದು ಅಂತ ನೋಡಿ ಹೇಳ್ತೀನಿ.