ಓದುಗರ ಪ್ರಶ್ನೆ: ಆಫೀಸಿನ ಕರೆಂಟು, ಕಾಗದ, ಕಾರು

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮದು ಎಂಟು ಜನರ ಆಡಿಟರ್ ಆಫೀಸು. ಬಾಡಿಗೆ ಕಟ್ಟಡದ ಮೊದಲ ಮಹಡಿ. ಪರಿಸರದ ಮೇಲಿನ ಹೊರೆ ತಗ್ಗಲೆಂದು ಪ್ರಿಂಟ್ ತೆಗೆಯುವುದಕ್ಕೆ ಕಡಿವಾಣ ಹಾಕಿದ್ದೇವೆ. ಮುಂದೇನು? ಸೋಲಾರ್ ಹಾಕಿಸಬೇಕೇ?

ಉತ್ತರ: ಸೋಲಾರ್ ಕೊನೆಗಿರಲಿ. ತಾರಸಿ ನಿಮ್ಮದಲ್ಲ, ತಾರಸಿ ಸೋಲಾರ್‌ಗೆ ಕೇಂದ್ರ ಸರ್ಕಾರ ಕೊಡುವ ಪಿಎಂ ಸೂರ್ಯಘರ್ ಸಬ್ಸಿಡಿಯೂ ಮನೆಗಳಿಗೆ ಮಾತ್ರ. ಮೊದಲು ಮೀಟರ್ ನೋಡಿ. ಸಂಜೆ ಬೀಗ ಹಾಕುವವರು ರೀಡಿಂಗ್ ಬರೆದಿಡಲಿ, ಬೆಳಿಗ್ಗೆ ಬೀಗ ತೆಗೆಯುವವರು ಮತ್ತೆ ಬರೆಯಲಿ. ಒಂದು ವಾರ ಸಾಕು. ರಾತ್ರಿಯ 14 ಗಂಟೆಯಲ್ಲಿ 3 ಯೂನಿಟ್ ಓಡಿದೆ ಎನ್ನಿ. ಜನವೇ ಇಲ್ಲದ ಆಫೀಸು 200 ವ್ಯಾಟ್‌ಗೂ ಹೆಚ್ಚು ಎಳೆಯುತ್ತಿದೆ ಎಂದಾಯಿತು. ರೂಟರ್ ಮತ್ತು ನಾಲ್ಕು ಸಿಸಿಟಿವಿ ಕ್ಯಾಮೆರಾ ಸೇರಿದರೂ ಅಷ್ಟಾಗುವುದಿಲ್ಲ.

ಹುಡುಕಿದರೆ ಹೆಚ್ಚಾಗಿ ಸಿಕ್ಕಿಬೀಳುವುದು ನೀರಿನ ಡಿಸ್ಪೆನ್ಸರ್. ರಾತ್ರಿಯಿಡೀ ಒಂದು ನಲ್ಲಿಗೆ ಕಾಯಿಸುತ್ತದೆ, ಪಕ್ಕದ ನಲ್ಲಿಗೆ ತಣಿಸುತ್ತದೆ. ನಿಮ್ಮೂರಿನ ಡಿಸೆಂಬರಿನಲ್ಲಿ ತಣ್ಣೀರು ಯಾರಿಗೆ ಬೇಕು? ಬಹುತೇಕ ಯಂತ್ರಗಳ ಹಿಂಬದಿಯಲ್ಲಿ ಎರಡಕ್ಕೂ ಬೇರೆ ಬೇರೆ ಸ್ವಿಚ್ ಇರುತ್ತದೆ. ತಣ್ಣೀರಿನದನ್ನು ಬೇಸಿಗೆಗೆ ಮೀಸಲಿಡಿ, ಬಿಸಿನೀರಿನದನ್ನು ಸಂಜೆ ಆರಿಸಿ. ಎರಡನೆಯದು ಯುಪಿಎಸ್ ಬ್ಯಾಟರಿ. ಮುದಿ ಬ್ಯಾಟರಿಗೆ ಚಾರ್ಜ್ ನಿಲ್ಲುವುದಿಲ್ಲ, ಚಾರ್ಜರ್ ತುಂಬುತ್ತಲೇ ಇರುತ್ತದೆ. ಮುಟ್ಟಿದರೆ ಬೆಚ್ಚಗಿದ್ದು, ಡಿಸ್ಟಿಲ್ಡ್ ವಾಟರ್ ಮೊದಲಿಗಿಂತ ಬೇಗ ಇಳಿಯುತ್ತಿದ್ದರೆ ಅದರ ಕಾಲ ಮುಗಿದಿದೆ. ಹೊಸದನ್ನು ಕೊಳ್ಳುವ ಅಂಗಡಿಗೇ ಹಳೆಯದನ್ನು ಕೊಟ್ಟು ದರ ಇಳಿಸಿಕೊಳ್ಳಿ.

ದೀಪಗಳಲ್ಲಿ ಲಾಭ ದೊಡ್ಡದು, ಏಕೆಂದರೆ ಮಳೆಗಾಲದಲ್ಲಿ ನಿಮ್ಮಲ್ಲಿ ಹಾಡಹಗಲೇ ಲೈಟು ಬೇಕು. ಹಳೆಯ 36 ವ್ಯಾಟ್ ಟ್ಯೂಬು ಚೋಕ್ ಸೇರಿ 48-50 ವ್ಯಾಟ್ ತಿನ್ನುತ್ತದೆ; ಎಲ್‌ಇಡಿ ಟ್ಯೂಬಿಗೆ 20 ಸಾಕು. ದಿನಕ್ಕೆ 9 ಗಂಟೆ, ವರ್ಷಕ್ಕೆ 300 ದಿನ ಎಂದರೆ ಒಂದೊಂದು ಟ್ಯೂಬಿಗೆ 80 ಯೂನಿಟ್ ಉಳಿತಾಯ. ಹಳೆಯ ಟ್ಯೂಬಿನ ಪಟ್ಟಿಯಲ್ಲೇ ಕೂರಿಸುವುದಾದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಚೋಕ್, ಸ್ಟಾರ್ಟರ್ ತೆಗೆಸಿ. ಚೋಕ್ ಉಳಿದರೆ ಅದು ಸುಮ್ಮನೆ ಬಿಸಿಯಾಗುತ್ತದೆ, ಎಲ್‌ಇಡಿಯೂ ಬೇಗ ಕೈಕೊಡಬಹುದು. ತೆಗೆದ ಟ್ಯೂಬನ್ನು ಒಡೆಯಬೇಡಿ, ಒಳಗೆ ಪಾದರಸವಿದೆ. ಕಡಿಮೆ ಕರೆಂಟು ತಿನ್ನುವ ಬಿಎಲ್‌ಡಿಸಿ ಮೋಟಾರಿನ ಫ್ಯಾನಿಗೆ ಮಾತ್ರ ಅವಸರ ಬೇಡ. 75 ವ್ಯಾಟ್ 30ಕ್ಕೆ ಇಳಿಯುವುದು ನಿಜ. ಆದರೆ ನಿಮ್ಮ ಫ್ಯಾನು ತಿರುಗುವುದೇ ವರ್ಷಕ್ಕೆ ನೂರು ದಿನ, ದಿನಕ್ಕೆ ಎಂಟು ಗಂಟೆ. ಉಳಿಯುವುದು 36 ಯೂನಿಟ್ ಅಷ್ಟೇ. ಹಳೆಯದು ಕೆಟ್ಟಾಗ ಬದಲಾಯಿಸಿ.

ಇಷ್ಟೆಲ್ಲ ಮಾಡಿದ ಮೇಲೂ ದೊಡ್ಡ ಬಾಬತ್ತು ಕೆಳಗೆ ರಸ್ತೆಯಲ್ಲಿ ನಿಂತಿರುತ್ತದೆ: ಕಾರು. ಕಡೂರಿಗೆ ಹೋಗಿಬರುವುದು 80 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರು ಐದೂಕಾಲು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಲೀಟರಿಗೆ 2.3 ಕಿಲೋದಂತೆ 12 ಕಿಲೋ ಇಂಗಾಲದ ಡೈಆಕ್ಸೈಡ್. ನಮ್ಮ ದೇಶದ ಗ್ರಿಡ್ಡಿನ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕಿಲೋ. ಅಂದರೆ ಒಂದು ಕಡೂರು ಪ್ರಯಾಣ 17 ಯೂನಿಟ್ಟಿಗೆ ಸಮ! ಗ್ರಾಹಕರ ದಾಸ್ತಾನು ಎಣಿಸುವುದಿದ್ದರೆ ಖುದ್ದಾಗಿ ಹೋಗಲೇಬೇಕು. ಬರೀ ಬಿಲ್ಲು, ಪಾಸ್‌ಬುಕ್ ತರಲು ಕಾರು ಹೊರಡುವುದು ನಿಲ್ಲಲಿ. ಅವರೇ ಕಳಿಸುವ 200 ಡಿಪಿಐ (ಸ್ಕ್ಯಾನಿನ ಸ್ಪಷ್ಟತೆಯ ಅಳತೆ) ಕಪ್ಪು-ಬಿಳುಪು ಸ್ಕ್ಯಾನ್ ಸಾಕು, ಮಸುಕಾದದ್ದಕ್ಕೆ 300. ನುಣುಪು ಕಾಗದದ ಥರ್ಮಲ್ ರಸೀದಿ ಕೆಲವೇ ತಿಂಗಳಲ್ಲಿ ಮಾಸಬಹುದು, ಬಂದ ದಿನವೇ ಸ್ಕ್ಯಾನ್ ಮಾಡಿಸಿ. ಬಾಳೆಹೊನ್ನೂರು, ಕೊಪ್ಪ, ಶೃಂಗೇರಿಯ ಕೆಲಸಗಳನ್ನು ಒಂದೇ ಸುತ್ತಿಗೆ ಕಟ್ಟಿ.

ಪ್ರಿಂಟಿನ ಕಡಿವಾಣ ಮುಂದುವರಿಯಲಿ. ಆದರೆ ಡಿಜಿಟಲ್ ಸಹಿ ಹಾಕಿದ ಪಿಡಿಎಫ್ ಅನ್ನು ಪ್ರಿಂಟ್ ತೆಗೆದು, ಮತ್ತೆ ಸ್ಕ್ಯಾನ್ ಮಾಡಿ ಇಡುವ ಅಭ್ಯಾಸವಿದೆಯೇ ನೋಡಿ. ಕಾಗದವೂ ದಂಡ, ಸಹಿಯೂ ಪರಿಶೀಲನೆಗೆ ಸಿಗದಂತಾಗುತ್ತದೆ. ಮೂಲ ಫೈಲನ್ನೇ ಎರಡು ಕಡೆ ಇಡಿ.

ಪ್ರಶ್ನೆ: ಮೂಡಿಗೆರೆಯಲ್ಲಿ ವಕೀಲಿ ಮಾಡುತ್ತೇನೆ. ಎರಡೂ ಬದಿ ಪ್ರಿಂಟ್ ಹೊಡೆದರೆ ಮಳೆಗಾಲದಲ್ಲಿ ಪೇಪರ್ ಸಿಕ್ಕಿಕೊಳ್ಳುತ್ತದೆ. ಒಂದು ಬದಿ ಬಳಸಿದ ಹಾಳೆಯನ್ನೇ ಮತ್ತೆ ಹಾಕಬಹುದೇ?

ಉತ್ತರ: ತಪ್ಪು ಪ್ರಿಂಟರಿನದಲ್ಲ, ತೇವದ್ದು. ಮಲೆನಾಡಿನ ಜುಲೈಯಲ್ಲಿ ಕಾಗದ ಗಾಳಿಯ ನೀರನ್ನು ಹೀರುತ್ತದೆ. ಮೊದಲ ಬದಿ ಬಿಸಿ ರೋಲರಿನಡಿ ಹಾಯುವಾಗ ಆ ತೇವ ಆರಿ ಹಾಳೆ ಸುರುಳುತ್ತದೆ, ಎರಡನೇ ಸುತ್ತಿಗೆ ಸಿಕ್ಕಿಕೊಳ್ಳುತ್ತದೆ. ರೀಮಿನ ಹೊದಿಕೆಯನ್ನು ಪೂರ್ತಿ ಹರಿಯದೆ ಗಾಳಿಯಾಡದ ಡಬ್ಬದಲ್ಲಿಡಿ, ಟ್ರೇಗೆ ಆ ದಿನಕ್ಕೆ ಬೇಕಾದ 50-100 ಹಾಳೆ ಮಾತ್ರ ತುಂಬಿ. ಸೆಟ್ಟಿಂಗ್‌ನಲ್ಲಿ ‘ತೆಳು ಕಾಗದ’ ಆರಿಸಿದರೆ ರೋಲರಿನ ಬಿಸಿ ಇಳಿದು ಸುರುಳುವುದೂ ತಗ್ಗುತ್ತದೆ.

ಬಳಸಿದ ಹಾಳೆ ಬೇಡ. ಮರೆತುಹೋದ ಒಂದು ಸ್ಟೇಪ್ಲರ್ ಪಿನ್ನು ರೋಲರನ್ನೇ ಗೀರುತ್ತದೆ, ಆಗ ಉಳಿಸಿದ ಕಾಗದಕ್ಕಿಂತ ಬಿಡಿಭಾಗದ ಕಸವೇ ಹೆಚ್ಚು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ: ಒಬ್ಬ ಕಕ್ಷಿದಾರರ ಆಧಾರ್ ಸಂಖ್ಯೆ ಮತ್ತೊಬ್ಬರ ನಕಲಿನ ಬೆನ್ನಿಗಂಟಿ ಹೋಗುತ್ತದೆ.

ಪ್ರಶ್ನೆ: ಹಾಸನದ ನಮ್ಮ ಕಟ್ಟಡ ವಿನ್ಯಾಸದ ಆಫೀಸಿನಲ್ಲಿ ವಿಂಡೋಸ್ 10ರ ಐದು ಕಂಪ್ಯೂಟರ್ ಇವೆ. ಗುಜರಿಗೆ ಹಾಕುವುದೇ?

ಉತ್ತರ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗೆಂದು ಯಂತ್ರಗಳು ಸತ್ತಿಲ್ಲ. ಮೊದಲು ಬಯಾಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಇದೆಯೇ ನೋಡಿ. ಆಫ್ ಆಗಿದ್ದದ್ದನ್ನು ಆನ್ ಮಾಡಿದರೆ ಕೆಲವು ಯಂತ್ರಗಳು ವಿಂಡೋಸ್ 11ಕ್ಕೆ ಅರ್ಹವಾಗುತ್ತವೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಫೈಲು ಇಡುವ ವೇಗದ ಡಿಸ್ಕ್), ಜತೆಗೆ 8 ಜಿಬಿ ರ‍್ಯಾಮ್ ಹಾಕಿಸಿದರೆ ಬಿಲ್ಲು, ಪತ್ರದ ಕೆಲಸಕ್ಕೆ ಇನ್ನಷ್ಟು ವರ್ಷ ಬಾಳುತ್ತವೆ. ವಿಂಡೋಸ್ 11 ಒಗ್ಗದಿದ್ದರೆ ವಿಂಡೋಸ್ ಬದಲಿಗೆ ಲಿನಕ್ಸ್ ಹಾಕಿಸಬಹುದು, ಆದರೆ ನಿಮ್ಮ ಡ್ರಾಯಿಂಗ್ ತಂತ್ರಾಂಶ ಅದರಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಖಚಿತಪಡಿಸಿಕೊಳ್ಳಿ.

ಕೊಡಲೇಬೇಕಾದದ್ದನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿಯಾದ ಇ-ತ್ಯಾಜ್ಯ ಮರುಬಳಕೆದಾರರಿಗೆ ಕೊಟ್ಟು ರಸೀದಿ ಪಡೆಯಿರಿ. ಗುಜರಿಯವರ ಕೈಗೆ ಹೋದರೆ ತಾಮ್ರಕ್ಕಾಗಿ ವೈರು ಸುಡುವುದುಂಟು. ಡಿಸ್ಕನ್ನು ಬರೀ ಫಾರ್ಮ್ಯಾಟ್ ಮಾಡಿದರೆ ಫೈಲುಗಳನ್ನು ಮರಳಿ ಪಡೆಯಬಹುದು. ಹಾರ್ಡ್‌ಡಿಸ್ಕನ್ನು ಕಳಚಿ, ಒಳಗಿನ ದುಂಡು ತಟ್ಟೆಗಳನ್ನು ದಾಟುವಂತೆ ಮೂರ್ನಾಲ್ಕು ಕಡೆ ಡ್ರಿಲ್ ಹೊಡೆಸಿ. ಎಸ್‌ಎಸ್‌ಡಿಗೆ ರಂಧ್ರ ನಂಬಬೇಡಿ, ಫೈಲು ಇರುವ ಚಿಪ್ ಉಳಿದುಬಿಡಬಹುದು. ತಯಾರಕರ ತಂತ್ರಾಂಶದ ‘ಸೆಕ್ಯೂರ್ ಎರೇಸ್’ ಬಳಸಿ.

ಪ್ರಶ್ನೆ: ಪ್ಲಾಸ್ಟಿಕ್ ಬಿಟ್ಟು ಪೇಪರ್ ಕಪ್ಪಿಗೆ ಬಂದಿದ್ದೇವೆ. ಸಾಕಲ್ಲವೇ? ಕಾಫಿ ಫಿಲ್ಟರಿನಲ್ಲಿ ಉಳಿಯುವ ಗಷ್ಟನ್ನು ಗಿಡಕ್ಕೆ ಸುರಿಯಬಹುದೇ?

ಉತ್ತರ: ಸಾಮಾನ್ಯ ಪೇಪರ್ ಕಪ್ಪಿನ ಒಳಮೈಯಲ್ಲಿ ಪ್ಲಾಸ್ಟಿಕ್ ಪದರವಿದೆ, ಹಳೆ ಪೇಪರಿನ ಜತೆ ಅದು ಮರುಬಳಕೆಗೆ ಹೋಗದು. ಸ್ಟೀಲ್ ಲೋಟ ತನ್ನಿ. ಕಾಫಿ ಸೀಮೆಯಲ್ಲಿ ಅದಕ್ಕೆ ಬರವೇ? ಗಷ್ಟನ್ನು ಒಂದೇ ಕುಂಡಕ್ಕೆ ಸುರಿದರೆ ಹೆಪ್ಪುಗಟ್ಟಿ ಬೂಷ್ಟು ಹಿಡಿಯುತ್ತದೆ, ನೀರು ಇಳಿಯುವುದಿಲ್ಲ. ಒಂದು ಪಾಲು ಗಷ್ಟಿಗೆ ಮೂರು ಪಾಲು ಒಣ ಎಲೆ ಬೆರೆಸಿ ಗೊಬ್ಬರವಾಗಿಸಿ. ಸಿಲ್ವರ್ ಓಕ್ ಎಲೆಯಾದರೆ ಪುಡಿ ಮಾಡಿ ಹಾಕಿ, ಇಡಿಯಾಗಿ ಹಾಕಿದರೆ ಕೊಳೆಯಲು ಬಹಳ ಕಾಲ ಬೇಕು.